ಬಯೋಐಡೆಂಟಿಕಲ್ ಹಾರ್ಮೋನ್ ಪೆಲೆಟ್ ಹಾಕಿಸಿಕೊಂಡವರು ಯಾರಾದರೂ ಇದ್ದೀರಾ? ನನಗೂ ಯಜಮಾನರಿಗೂ ಸೇರಿಸಿ ಪ್ಯಾಕೇಜ್ ಹೇಳಿದ್ದಾರೆ

ಒಗ್ಗರಣೆ ಡಬ್ಬಿ
ಎಲ್ಲರಿಗೂ ನಮಸ್ಕಾರ. ಮೈಸೂರಿನವಳು, ವಯಸ್ಸು 49. ಮುಟ್ಟು ನಿಂತು ಹದಿನಾಲ್ಕು ತಿಂಗಳಾಯಿತು. ನಿಂತಾಗ ಸದ್ಯ ಮುಗಿಯಿತಲ್ಲ ಅಂತ ಖುಷಿಪಟ್ಟಿದ್ದೆ, ಈಗ ಅದಕ್ಕೆ ಬಡ್ಡಿ ಕಟ್ಟುತ್ತಿದ್ದೇನೆ. ರಾತ್ರಿ ಎರಡೂವರೆಗೆ ಸರಿಯಾಗಿ ಎಚ್ಚರ. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಬಿಸಿ ಏರುತ್ತದೆ, ಐದು ನಿಮಿಷದಲ್ಲಿ ನೈಟಿ ಒದ್ದೆ, ಆಮೇಲೆ ಚಳಿ. ನಾನು ಫ್ಯಾನ್ ಐದಕ್ಕೆ ಇಡುತ್ತೇನೆ, ಯಜಮಾನರು ಎದ್ದು ಎರಡಕ್ಕೆ ಇಳಿಸಿ ರಗ್ಗು ಹೊದ್ದು ಮಲಗುತ್ತಾರೆ. ಹೀಗೆ ಬೆಳಗಾಗುತ್ತದೆ.

ನಾದಿನಿ ಹೇಳಿದಳು ಅಂತ ಬೆಂಗಳೂರಿನ ಒಂದು ಕ್ಲಿನಿಕ್‌ಗೆ ಹೋದೆವು. ಹೆಸರು ಬೇಡ. ಎಂಜಲು ತೆಗೆದುಕೊಂಡು ಟೆಸ್ಟ್ ಮಾಡಿದರು, ಬಣ್ಣಬಣ್ಣದ ಗ್ರಾಫ್ ಕೊಟ್ಟರು. ಸೊಂಟದ ಕೆಳಗೆ ಚರ್ಮದ ಅಡಿಯಲ್ಲಿ ಅಕ್ಕಿಕಾಳಿನಷ್ಟು ಪೆಲೆಟ್ ಇಡುತ್ತಾರಂತೆ, ನಾಲ್ಕು ತಿಂಗಳಿಗೊಮ್ಮೆ ಹೊಸದು. "ಬಯೋಐಡೆಂಟಿಕಲ್, ಗಿಡದಿಂದ ಮಾಡಿದ್ದು, ಸೈಡ್ ಎಫೆಕ್ಟ್ ಇಲ್ಲ" ಅಂದರು. ನನ್ನ ಜೊತೆ ಸುಮ್ನೆ ಬಂದಿದ್ದ ಯಜಮಾನರಿಗೂ (55) ಊಟ ಆದ ಮೇಲೆ ಸಂಜೆ ನಾಲ್ಕಕ್ಕೆ ರಕ್ತ ತೆಗೆದು ಟೆಸ್ಟೊಸ್ಟೆರಾನ್ (ಗಂಡು ಹಾರ್ಮೋನ್) 290, ತುಂಬಾ ಕಡಿಮೆ ಅಂದುಬಿಟ್ಟರು. ವರ್ಷಕ್ಕೆ ಇಬ್ಬರಿಗೂ ಸೇರಿ ಒಂದೂವರೆ ಲಕ್ಷ. ಈ ವಾರದಲ್ಲೇ ಕಟ್ಟಿದರೆ ಡಿಸ್ಕೌಂಟ್. ಆ ಡಿಸ್ಕೌಂಟ್ ಮಾತು ಬಂದಾಗಲೇ ನನಗೆ ಅನುಮಾನ ಶುರುವಾಗಿದ್ದು. ಏನು ಮಾಡಲಿ?

ಮೂಲೆ ಮನೆ
ಸೀರೆ ಅಂಗಡಿಯಲ್ಲೂ ಇದೇ ಮಾತು ಹೇಳುತ್ತಾರೆ. ಕಟ್ಟಬೇಡಿ ಅಕ್ಕ.

ಕೌಂಟರ್ ಹಿಂದಿನವನು
ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಮೆಡಿಕಲ್ ಶಾಪ್ ನಡೆಸಿದವನು ನಾನು, ಈಗ ಮಗ ನೋಡಿಕೊಳ್ಳುತ್ತಾನೆ. ಮೊದಲು ಆ ಪದದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಆ ಒಂದು ಪದಕ್ಕೇ ಅವರು ಲಕ್ಷ ಕೇಳುತ್ತಿರುವುದು.

ಬಯೋಐಡೆಂಟಿಕಲ್ ಅಂದರೆ ನಮ್ಮ ದೇಹ ತಯಾರಿಸುವ ಹಾರ್ಮೋನಿನ ರಚನೆಯೂ ಹೊರಗಿನಿಂದ ಕೊಡುವ ಹಾರ್ಮೋನಿನ ರಚನೆಯೂ ಒಂದೇ ಅಂತ. ಅಷ್ಟೇ. ಇದು ಆ ಕ್ಲಿನಿಕ್‌ನವರ ಹತ್ತಿರ ಮಾತ್ರ ಸಿಗುವ ವಸ್ತು ಅಲ್ಲ. ನಮ್ಮ ಅಂಗಡಿ ರ‍್ಯಾಕಿನಲ್ಲಿ ಯಾವತ್ತೂ ಇದೆ. ಎಸ್ಟ್ರಡಯೋಲ್ (ಮುಟ್ಟು ನಿಂತಾಗ ಕಡಿಮೆಯಾಗುವ ಹೆಣ್ಣು ಹಾರ್ಮೋನ್ ಈಸ್ಟ್ರೊಜೆನ್‌ನ ಒಂದು ರೂಪ) ಜೆಲ್ ಬಯೋಐಡೆಂಟಿಕಲ್. ಇನ್ನೊಂದು ಹೆಣ್ಣು ಹಾರ್ಮೋನ್ ಪ್ರೊಜೆಸ್ಟೆರಾನ್, ಅದರ 200 ಮಿಲಿಗ್ರಾಂ ಮೆತ್ತನೆ ಕ್ಯಾಪ್ಸೂಲ್ ಬರುತ್ತದಲ್ಲ, ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಎಷ್ಟೋ ಡಾಕ್ಟರ್‌ಗಳು ಬರೆಯುವುದು, ಅದೂ ಬಯೋಐಡೆಂಟಿಕಲ್. ದಿನಕ್ಕೆ ಹತ್ತು ಸ್ಟ್ರಿಪ್ ಮಾರಿದ್ದೇನೆ, ಒಬ್ಬರ ಹತ್ತಿರವೂ ಆ ಪದ ಹೇಳಿಲ್ಲ. ಹೇಳಿದ್ದರೆ ಇಷ್ಟೊತ್ತಿಗೆ ಮೂರು ಮಹಡಿ ಕಟ್ಟಿಸುತ್ತಿದ್ದೆನೇನೋ.

ಇನ್ನು ಗಿಡದ ವಿಷಯ. ನಿಜ, ಅರ್ಧ ನಿಜ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಅನ್ನುವ ಅಮೆರಿಕದ ಕೆಮಿಸ್ಟ್ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯೋಸ್‌ಜೆನಿನ್ ಅನ್ನುವ ರಾಸಾಯನಿಕ ತೆಗೆದು ಅದರಿಂದ ಪ್ರೊಜೆಸ್ಟೆರಾನ್ ಮಾಡುವ ದಾರಿ ಕಂಡುಹಿಡಿದ. ಅದಕ್ಕೂ ಮುಂಚೆ ಹಾರ್ಮೋನ್ ಅಂದರೆ ಚಿನ್ನದ ಬೆಲೆ. ಈಗ ಸೋಯಾದಿಂದಲೂ ಮಾಡುತ್ತಾರೆ. ಆದರೆ ಗೆಣಸಿನಿಂದ ಹಾರ್ಮೋನ್ ಆಗುವುದು ಫ್ಯಾಕ್ಟರಿಯಲ್ಲಿ, ಹಲವು ಹಂತ ದಾಟಿ. ಅಂಗಡಿಯ ಜೆಲ್ಲೂ ಆ ದಾರಿಯಲ್ಲೇ ಬಂದಿದ್ದು, ಕ್ಲಿನಿಕ್ಕಿನ ಪೆಲೆಟ್ಟೂ ಅದೇ ದಾರಿಯಲ್ಲೇ ಬಂದಿದ್ದು.

ಕಾಳಿ ನದಿ
ಹಾಗಾದ್ರೆ ನಮ್ಮ ಜೋಯಿಡಾದ ಗೆಡ್ಡೆ ಗೆಣಸು ಮೇಳಕ್ಕೆ ಬಂದು ಹೊಟ್ಟೆತುಂಬಾ ಕಾಡುಗೆಣಸು ತಿಂದರೆ ಆಗಲ್ವಾ ಸರ್? 😀

ಕೌಂಟರ್ ಹಿಂದಿನವನು
ತಿನ್ನಿ, ರುಚಿಯಾಗಿರುತ್ತೆ. ಹಾರ್ಮೋನ್ ಆಗಲ್ಲ. ಡಯೋಸ್‌ಜೆನಿನ್ನನ್ನು ಪ್ರೊಜೆಸ್ಟೆರಾನ್ ಮಾಡುವ ಸಾಮಾನು ನಮ್ಮ ಹೊಟ್ಟೆಯಲ್ಲಿಲ್ಲ. ಗೆಣಸಿನ ಕ್ರೀಮ್ ಅಂತ ಆನ್‌ಲೈನಿನಲ್ಲಿ ಮಾರುವವರು ಈ ಒಂದು ವಾಕ್ಯವನ್ನು ಮಾತ್ರ ಹೇಳುವುದಿಲ್ಲ.

ಹಳೇ ಬೇರು
ನನ್ನ ಅಭಿಪ್ರಾಯ ಬೇರೆ. ನಮ್ಮ ಅಜ್ಜಿಯರು ಯಾವ ಹಾರ್ಮೋನ್ ತೆಗೆದುಕೊಂಡಿದ್ದರು? ಮೈ ಉಷ್ಣ ಆದರೆ ಎಳನೀರು, ಮಜ್ಜಿಗೆ, ನೆನೆಸಿದ ಮೆಂತ್ಯ. ತೊಂಬತ್ತು ವರ್ಷ ಬದುಕಿದರು. ಎಲ್ಲದಕ್ಕೂ ಮಾತ್ರೆ ನುಂಗುವ ಚಟ ನಮಗೆ.

ಕೆಂಪು ರೆಡಾಕ್ಸೈಡ್
ನಮ್ಮಜ್ಜಿ ಬೇಸಿಗೆ ಮಳೆಗಾಲ ಅನ್ನದೆ ನಡುಮನೆಯ ರೆಡಾಕ್ಸೈಡ್ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗುತ್ತಿದ್ದರು. ಒದ್ದೆ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡು. ನಾವು ಮಕ್ಕಳು ಅಜ್ಜಿಗೆ ಹುಚ್ಚು ಅಂತ ನಗುತ್ತಿದ್ದೆವು. ನನಗೆ ಐವತ್ತಾದ ಮೇಲೆ ಒಂದು ರಾತ್ರಿ ಬಚ್ಚಲುಮನೆ ನೆಲಕ್ಕೆ ಕೆನ್ನೆ ಒತ್ತಿ ಕೂತಿದ್ದಾಗ ಅಜ್ಜಿ ನೆನಪಾದರು. ಏನೂ ತೆಗೆದುಕೊಳ್ಳಲಿಲ್ಲ ನಿಜ ಸರ್, ಯಾರಿಗೂ ಏನೂ ಹೇಳಲೂ ಇಲ್ಲ. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ ಅಂತಲೂ ಗೊತ್ತಿರಲಿಲ್ಲ. ಎಪ್ಪತ್ತೆರಡಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದು ಕೊನೆಯ ನಾಲ್ಕು ವರ್ಷ ಮಂಚದ ಮೇಲೇ.

ಹಳೇ ಬೇರು
ಅದನ್ನು ನಾನು ಯೋಚಿಸಿರಲಿಲ್ಲ.

ಲೆಸ್ಟರ್ ಅಮ್ಮಣ್ಣಿ
ಇಂಗ್ಲೆಂಡಿನಿಂದ. ಮೂಲ ತುಮಕೂರು. ಇಲ್ಲಿ ಕಳೆದ ಐದಾರು ವರ್ಷದಲ್ಲಿ ಇದರ ಮಾತು ಎಷ್ಟಾಯಿತೆಂದರೆ 2022ರಲ್ಲಿ ಜೆಲ್ ಸಿಗದೆ ಫಾರ್ಮಸಿಯಿಂದ ಫಾರ್ಮಸಿಗೆ ಅಲೆದಿದ್ದೇವೆ. 2023ರ ಏಪ್ರಿಲ್‌ನಿಂದ ಎಚ್ಆರ್‌ಟಿಗೇ (ಮುಟ್ಟು ನಿಂತವರಿಗೆ ಹಾರ್ಮೋನ್ ಕೊಡುವ ಚಿಕಿತ್ಸೆ) ಅಂತ ಒಂದು ಸರ್ಟಿಫಿಕೇಟ್ ಮಾಡಿದ್ದಾರೆ, ವರ್ಷಕ್ಕೊಮ್ಮೆ ಇಪ್ಪತ್ತು ಪೌಂಡಿನ ಒಳಗೆ ಕಟ್ಟಿದರೆ ವರ್ಷವಿಡೀ ಅದರ ಔಷಧಿಗೆ ಬೇರೆ ದುಡ್ಡಿಲ್ಲ. ನನಗೆ ಸರ್ಕಾರಿ ಡಾಕ್ಟರೇ ಕೊಡುವುದು ಈ ಬಯೋಐಡೆಂಟಿಕಲ್ ಜೆಲ್ಲು, ರಾತ್ರಿ ಪ್ರೊಜೆಸ್ಟೆರಾನ್. ಯಾವ ಎಂಜಲು ಟೆಸ್ಟೂ ಇಲ್ಲ. 45 ದಾಟಿದ್ದರೆ, ಲಕ್ಷಣ ಇದ್ದರೆ, ಅಷ್ಟು ಸಾಕು ಅಂದರು.

ಮೊದಲು ಪ್ಯಾಚ್ ಕೊಟ್ಟಿದ್ದರು, ವಾರಕ್ಕೆ ಎರಡು ಸಲ ಸೊಂಟದ ಕೆಳಗೆ ಅಂಟಿಸುವುದು. ಸೀರೆ ಉಟ್ಟ ದಿನ ಲಂಗದ ಲಾಡಿ ಉಜ್ಜಿ ಉಜ್ಜಿ ಅದು ಸುರುಳಿಯಾಗಿ ಬಿದ್ದುಹೋಗುತ್ತಿತ್ತು. ಯುಗಾದಿ ಕಾರ್ಯಕ್ರಮದ ದಿನ ಕನ್ನಡ ಬಳಗದ ಹಾಲ್‌ನಲ್ಲಿ ನೆಲದ ಮೇಲೆ ಸಿಕ್ಕಿತು, ಯಾರೋ ಮಗು ಸ್ಟಿಕ್ಕರ್ ಅಂತ ಎತ್ತಿಕೊಂಡಿತ್ತು. ಅವತ್ತೇ ಜೆಲ್‌ಗೆ ಬದಲಾಯಿಸಿಕೊಂಡೆ.

ಒಗ್ಗರಣೆ ಡಬ್ಬಿ
ಅಯ್ಯೋ ನಗು ತಡೆಯೋಕಾಗ್ತಿಲ್ಲ. ಆದರೆ ಕ್ಯಾನ್ಸರ್ ಬರುತ್ತೆ ಅಂತ ನಮ್ಮ ಅಕ್ಕ ಹೆದರಿಸುತ್ತಿದ್ದಾಳೆ. ಅವಳ ಡಾಕ್ಟರ್ 2003ರಲ್ಲಿ ಅವಳಿಗೆ ಕೊಡುತ್ತಿದ್ದ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರಂತೆ.

ಓಪಿಡಿ ಸಂಖ್ಯೆ ಏಳು
ನಾನು ಸ್ತ್ರೀರೋಗ ತಜ್ಞೆ, ಕರಾವಳಿಯ ಕಡೆ. ಇಲ್ಲಿ ಯಾರಿಗೂ ಔಷಧಿ ಬರೆಯುವುದಿಲ್ಲ, ಆದರೆ ಇದನ್ನು ದಿನಾ ಓಪಿಡಿಯಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ, ಇಲ್ಲಿ ಒಂದು ಸಲ ಬರೆದರೆ ಲಿಂಕ್ ಕಳಿಸಬಹುದು.

ನಿಮ್ಮ ಅಕ್ಕನ ಡಾಕ್ಟರ್ ನಿಲ್ಲಿಸಿದ್ದಕ್ಕೆ ಕಾರಣ 2002ರ ಜುಲೈ. ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ದೊಡ್ಡ ಅಧ್ಯಯನ, ಗರ್ಭಕೋಶ ಇರುವ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಭಾಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಜಾಸ್ತಿಯಾಗಿದೆ ಅಂತ. ಪ್ರಪಂಚವಿಡೀ ರಾತ್ರೋರಾತ್ರಿ ಮಾತ್ರೆ ಕಸದಬುಟ್ಟಿಗೆ ಹೋಯಿತು. ಸ್ತನ ಕ್ಯಾನ್ಸರ್ ಎಷ್ಟು ಜಾಸ್ತಿ? ಹತ್ತು ಸಾವಿರ ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಎಂಟು ಜನಕ್ಕೆ ಹೆಚ್ಚು. ಸೊಂಟದ ಮೂಳೆ ಮುರಿಯುವುದು ಐದು ಕಡಿಮೆ. ಎಂಟು ಅನ್ನುವುದು ಸೊನ್ನೆ ಅಲ್ಲ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹೆಂಗಸರ ಸರಾಸರಿ ವಯಸ್ಸು 63, ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷ ಕಳೆದಿತ್ತು. ಅವರಿಗೆ ಕೊಟ್ಟಿದ್ದು ಬಸುರಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೊಜೆನ್, ಅಮೆರಿಕದಲ್ಲಿ 1942ರಿಂದ ಇದ್ದ ಔಷಧಿ, ಜೊತೆಗೆ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಅನ್ನುವ ಕೃತಕ ಹಾರ್ಮೋನ್. ಎರಡೂ ನುಂಗುವ ಮಾತ್ರೆ. ನೀವು 49, ನಿಂತು ಒಂದು ವರ್ಷ ಚಿಲ್ಲರೆ. ಲೆಕ್ಕ ಬೇರೆ.

60ರ ಒಳಗೆ, ಅಥವಾ ನಿಂತು ಹತ್ತು ವರ್ಷದ ಒಳಗೆ ಶುರುಮಾಡಿದರೆ, ಬೇರೆ ತೊಂದರೆ ಇಲ್ಲದವರಿಗೆ ಲಾಭವೇ ಹೆಚ್ಚು ಅನ್ನುವುದು ಈಗಿನ ಒಪ್ಪಿತ ಮಾತು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇವುಗಳ ಡಬ್ಬಿ ಮೇಲಿನ ಕಪ್ಪು ಚೌಕದ ಎಚ್ಚರಿಕೆಯಲ್ಲಿ ಹೃದಯ, ಸ್ತನ ಕ್ಯಾನ್ಸರಿನ ಭಾಗ ತೆಗೆಯುವುದಾಗಿ ಹೇಳಿತು. ಹಾಗಂತ ಎಲ್ಲರಿಗೂ ಅಂತ ಅಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ, ಪಾರ್ಶ್ವವಾಯು, ಲಿವರ್ ಕಾಯಿಲೆ ಇರುವವರು ಕೈಹಾಕುವ ಹಾಗಿಲ್ಲ. ಅವರಿಗೆ ಹಾರ್ಮೋನ್ ಅಲ್ಲದ ಬೇರೆ ಔಷಧಿಗಳಿವೆ. ಒಂದು ವರ್ಷ ನಿಂತ ಮೇಲೆ ಮತ್ತೆ ಒಂದು ಹನಿ ರಕ್ತ ಕಂಡರೂ ಮೊದಲು ಸ್ಕ್ಯಾನ್, ಆಮೇಲೆ ಮಿಕ್ಕ ಮಾತು.

ಮತ್ತೆ ಇದೊಂದು. ಗರ್ಭಕೋಶ ಇದ್ದರೆ ಈಸ್ಟ್ರೊಜೆನ್ ಒಂದನ್ನೇ ಕೊಡುವಂತಿಲ್ಲ. ಒಳಪೊರೆ ದಪ್ಪವಾಗುತ್ತಾ ಹೋಗಿ ಕ್ಯಾನ್ಸರ್ ಆಗಬಹುದು, ಇದು 1975ರಿಂದಲೇ ಗೊತ್ತು. ಅದನ್ನು ಹಿಡಿತದಲ್ಲಿಡಲು ಪ್ರೊಜೆಸ್ಟೆರಾನ್. ಒಗ್ಗರಣೆ ಡಬ್ಬಿಯವರೇ, ನಿಮ್ಮ ಪ್ಯಾಕೇಜಿನಲ್ಲಿ ಪ್ರೊಜೆಸ್ಟೆರಾನ್ ಎಲ್ಲಿದೆ ಅಂತ ನೋಡಿ ಹೇಳಿ.

ಒಗ್ಗರಣೆ ಡಬ್ಬಿ
ಈಗ ಚೀಟಿ ತೆಗೆದು ನೋಡಿದೆ ಮೇಡಂ. ಎಸ್ಟ್ರಡಯೋಲ್ ಪೆಲೆಟ್, ಟೆಸ್ಟೊಸ್ಟೆರಾನ್ ಪೆಲೆಟ್, ಯಾವುದೋ ವಿಟಮಿನ್, "ಪ್ರೊಜೆಸ್ಟೆರಾನ್ ಕ್ರೀಮ್ ಬೇಕೆನಿಸಿದರೆ" ಅಂತ ಬರೆದಿದೆ. ಬೇಕೆನಿಸಿದರೆ!

ಓಪಿಡಿ ಸಂಖ್ಯೆ ಏಳು
ಇದಕ್ಕೇ ಕೇಳಿದ್ದು. ಆ ಕ್ರೀಮ್ ಚರ್ಮದಿಂದ ಒಳಗೆ ಹೋಗಿ ಗರ್ಭಕೋಶ ಕಾಯುವಷ್ಟು ಆಗುತ್ತದೆ ಅಂತ ನಂಬುವಂತಿಲ್ಲ. ಕ್ಯಾಪ್ಸೂಲೇ ಬೇಕು. ಅದನ್ನು ರಾತ್ರಿ ಮಲಗುವಾಗಲೇ ತೆಗೆದುಕೊಳ್ಳುವುದು, ಯಾಕೆಂದರೆ ತೂಕಡಿಕೆ ಬರಿಸುತ್ತದೆ. ನಿದ್ದೆಯಿಲ್ಲದವರಿಗೆ ಅದೊಂದು ಪುಕ್ಕಟೆ ಲಾಭ.

ಪೆಲೆಟ್ ಬಗ್ಗೆ ನನ್ನ ತಕರಾರು ಇದು. ಜೆಲ್ ಹೆಚ್ಚಾಯಿತು ಅನಿಸಿದರೆ ನಾಳೆಯೇ ಕಡಿಮೆ ಮಾಡಬಹುದು. ಪೆಲೆಟ್ ಒಮ್ಮೆ ಒಳಗೆ ಹೋದರೆ ಕರಗುವವರೆಗೆ ಕಾಯಬೇಕು. ಕ್ಲಿನಿಕ್‌ಗೆ ಬೇಕಾದ ಹಾಗೆ ಬೆರೆಸಿ ತಯಾರಿಸುವ ಇಂಥ ಹಾರ್ಮೋನ್‌ಗಳ ಬಗ್ಗೆ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ಅನ್ನುವ ವಿಜ್ಞಾನ ಸಂಸ್ಥೆ 2020ರಲ್ಲಿ ದೊಡ್ಡ ವರದಿ ಕೊಟ್ಟಿತು. ಇವು ಕೆಲಸ ಮಾಡುತ್ತವೆ, ಸುರಕ್ಷಿತ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂತ. ಎಂಜಲು ಟೆಸ್ಟ್ ನೋಡಿ ಡೋಸ್ ಹೇಳುವುದು ಕೂಡ ಹಾಗೇ, ಗ್ರಾಫ್ ಚೆನ್ನಾಗಿರುತ್ತೆ, ಅಷ್ಟೇ. ಹೆಂಗಸರಿಗೆ ಟೆಸ್ಟೊಸ್ಟೆರಾನ್ ಕೊಡಲು ಸರಿಯಾದ ಕಾರಣ ಒಂದೇ: ಮುಟ್ಟು ನಿಂತ ಮೇಲೆ ಲೈಂಗಿಕ ಆಸೆ ಪೂರ್ತಿ ಹೋಗಿ, ಅದರಿಂದ ಅವರಿಗೇ ಬೇಸರವಾಗಿದ್ದರೆ. ಅದೂ ಗಂಡಸರ ಡೋಸಿನ ಹತ್ತನೇ ಒಂದು ಭಾಗದಷ್ಟು. ಜಾಸ್ತಿಯಾದರೆ ಗಲ್ಲದ ಮೇಲೆ ಕೂದಲು, ಮೊಡವೆ, ದನಿ ಒಡೆಯುವುದು. ಕೂದಲು ತೆಗೆಸಬಹುದು. ದನಿ ವಾಪಸ್ ಬರದೇ ಹೋಗಬಹುದು.

ತೊಗರಿ ಹೊಲ
ಅಕ್ಕೋರೆ, ನಾನು ಕಲಬುರಗಿ ಜಿಲ್ಲೆ. ಪ್ರೈಮರಿ ಶಾಲೆ ಟೀಚರ್. ನಿಮ್ಮ ಮಾತು ಓದಿ ಬರೀಬೇಕು ಅನಿಸಿತು ನೋಡ್ರಿ.

ನನಗೆ 34 ಇದ್ದಾಗ ಬಿಳಿ ಮುಟ್ಟು, ಕಿಬ್ಬೊಟ್ಟೆ ನೋವು ಅಂತ ಹೋದರೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂತ ಹೆದರಿಸಿ ಗರ್ಭಕೋಶ ತೆಗೆದರು. ಅಂಡಾಶಯ ಎರಡನ್ನೂ ತೆಗೆದಿದ್ದರು ಅಂತ ಗೊತ್ತಾಗಿದ್ದು ಡಿಸ್ಚಾರ್ಜ್ ಚೀಟಿ ಓದಿದಾಗ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಹೀಗೆ ಎಷ್ಟು ಹೆಣ್ಣುಮಕ್ಕಳಿಗೆ ಆಯಿತು ಅಂತ 2015ರ ಹೊತ್ತಿಗೆ ಪೇಪರಿನಲ್ಲೆಲ್ಲ ಬಂದಿತ್ತು. ಆಮೇಲೆ 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಆಪರೇಷನ್ ತಡೆಯುವ ನಿಯಮ ಎಲ್ಲ ರಾಜ್ಯಗಳೂ ಜಾರಿಮಾಡಬೇಕು ಅಂದಿತು. ನನ್ನದು ಮುಗಿದುಹೋಗಿತ್ತು.

ಆಪರೇಷನ್ ಆದ ಮೂರನೇ ದಿನದಿಂದ ಮೈಯೆಲ್ಲ ಬೆಂಕಿ. ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆಯುತ್ತಾ ಬರೆಯುತ್ತಾ ಬೆವರು ಸೀಮೆಸುಣ್ಣದ ಮೇಲೆ ಬೀಳುತ್ತಿತ್ತು. ಹಾರ್ಮೋನ್ ಅನ್ನುವ ಮಾತು ಒಬ್ಬರೂ ಎತ್ತಲಿಲ್ಲ. 46ಕ್ಕೆ ಶಾಲೆ ಮೆಟ್ಟಿಲ ಹತ್ತಿರ ಸುಮ್ಮನೆ ಎಡವಿದ್ದಕ್ಕೆ ಮಣಿಕಟ್ಟು ಮುರಿಯಿತು. ಅಲ್ಲಿಯ ಮೂಳೆ ಡಾಕ್ಟರ್ ಎಕ್ಸ್‌ರೇ ನೋಡಿ "ನಿಮಗೆ ಎಪ್ಪತ್ತರ ಮೂಳೆ" ಅಂದರು. ಅವರೇ ಮೊದಲು ಕೇಳಿದ್ದು, ಅಂಡಾಶಯ ತೆಗೆದಾಗ ಹಾರ್ಮೋನ್ ಕೊಟ್ಟಿದ್ದರಾ ಅಂತ.

ಓಪಿಡಿ ಸಂಖ್ಯೆ ಏಳು
ತಂಗಿ, ಓದಿ ಹೊಟ್ಟೆ ಉರಿಯಿತು. ಎಲ್ಲರೂ ಇದನ್ನು ಗಮನಿಸಿ. ನಮ್ಮ ದೇಶದಲ್ಲಿ ಮುಟ್ಟು ತಾನಾಗಿ ನಿಲ್ಲುವುದೇ 46ರ ಆಸುಪಾಸು, ಪಶ್ಚಿಮದ ದೇಶಗಳಲ್ಲಿ 51. ಅದಕ್ಕೂ ಮುಂಚೆ, ಅದರಲ್ಲೂ 40ರ ಒಳಗೆ ಅಂಡಾಶಯ ಹೋದವರ ಲೆಕ್ಕವೇ ಬೇರೆ. ಅವರಿಗೆ ಹಾರ್ಮೋನ್ ಸುಖಕ್ಕಲ್ಲ. ಸ್ತನ ಕ್ಯಾನ್ಸರ್‌ನಂಥ ಅಡ್ಡಿ ಇಲ್ಲದಿದ್ದರೆ, ತಾನಾಗಿ ನಿಲ್ಲುವ ವಯಸ್ಸಿನವರೆಗಾದರೂ ಕೊಡಬೇಕು, ಮೂಳೆ ಮತ್ತು ಹೃದಯ ಉಳಿಸಲು. ಗರ್ಭಕೋಶ ಇಲ್ಲದಿದ್ದರೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ನೀವು ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಅಂತ ನೋಡುವುದು) ಮಾಡಿಸಿದ್ದೀರಾ? ಮೂಳೆಗೆ ಈಗಲೂ ಚಿಕಿತ್ಸೆ ಇದೆ, ತಡವಾಯಿತು ಅಂತ ಬಿಡಬೇಡಿ.

ತೊಗರಿ ಹೊಲ
ಮಾಡಿಸೀನಿ ಅಕ್ಕೋರೆ. ವರ್ಷಕ್ಕೊಂದು ಇಂಜೆಕ್ಷನ್ ನಡೆದಿದೆ.

ಪಡುವಣ ಗಾಳಿ
ಗಂಡಸರ ಕಡೆಯಿಂದ ಒಂದು. ಒಗ್ಗರಣೆ ಡಬ್ಬಿ ಅಕ್ಕ, ಯಜಮಾನರಿಗೆ ದಯವಿಟ್ಟು ಇದನ್ನು ತೋರಿಸಿ.

ನನಗೆ 52. ಎರಡು ವರ್ಷದ ಹಿಂದೆ ಸುಸ್ತು, ಹೊಟ್ಟೆ ಮುಂದೆ ಬಂದಿತ್ತು, ಹೆಂಡತಿ ಹತ್ತಿರ ಹೋಗುವ ಮನಸ್ಸೂ ಇರಲಿಲ್ಲ. ಜಿಮ್ ಟ್ರೇನರ್ ಹೇಳಿದ ಅಂತ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಶುರುಮಾಡಿದೆ. ಮೊದಲ ಎರಡು ತಿಂಗಳು ಸ್ವರ್ಗ, ಸುಳ್ಳು ಹೇಳುವುದಿಲ್ಲ. ಐದನೇ ತಿಂಗಳು ಮುಖ ಕೆಂಪು ಕೆಂಪು, ತಲೆ ಭಾರ. ರಕ್ತ ಪರೀಕ್ಷೆಯಲ್ಲಿ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 56. ರಕ್ತ ಗಂಜಿಯಂತಾಗಿತ್ತು. 54 ದಾಟಿದರೆ ನಿಲ್ಲಿಸಬೇಕಂತೆ, ನಮ್ಮ ಟ್ರೇನರ್‌ಗೆ ಆ ಪದವೇ ಗೊತ್ತಿರಲಿಲ್ಲ. ಕೊನೆಗೆ ಹಾರ್ಮೋನ್ ಡಾಕ್ಟರ್ (ಎಂಡೋಕ್ರೈನಾಲಜಿಸ್ಟ್) ಹತ್ತಿರ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ ನನಗಲ್ಲ, ಜೊತೆಗೆ ಬಂದಿದ್ದ ಹೆಂಡತಿಗೆ. "ಇವರು ಗೊರಕೆ ಹೊಡೆಯುತ್ತಾರಾ?" ಅವಳು ಹತ್ತು ನಿಮಿಷ ಮಾತಾಡಿದಳು.

ಸ್ಲೀಪ್ ಆಪ್ನಿಯಾ ಇತ್ತು. ರಾತ್ರಿ ಉಸಿರು ನಿಂತು ನಿಂತು ಬರುತ್ತಿತ್ತು. ಈಗ ಮೂಗಿಗೆ ಮೆಷಿನ್ ಹಾಕಿಕೊಂಡು ಮಲಗುತ್ತೇನೆ, ಒಂಬತ್ತು ಕೆಜಿ ಇಳಿಸಿದ್ದೇನೆ, ಟೆಸ್ಟೊಸ್ಟೆರಾನ್ ತಾನಾಗಿ ಏರಿದೆ. ಇಂಜೆಕ್ಷನ್ ಇಲ್ಲ.

ಆ ಸಂಜೆ ನಾಲ್ಕು ಗಂಟೆಯ ಟೆಸ್ಟ್ ಹರಿದು ಬಿಸಾಕಿ. ಟೆಸ್ಟೊಸ್ಟೆರಾನ್ ಬೆಳಿಗ್ಗೆ ಜಾಸ್ತಿ, ಸಂಜೆಗೆ ಇಳಿಯುತ್ತದೆ, ಊಟ ಮಾಡಿದರೂ ಇಳಿಯುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ತೆಗೆದಾಗಲೂ 300ರ ಕೆಳಗಿದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು. ಹೆಂಗಸರಿಗೆ ಮುಟ್ಟು ನಿಂತ ಹಾಗೆ ಗಂಡಸರಿಗೆ ಒಂದು ದಿನ ನಲ್ಲಿ ಬಂದ್ ಆಗುವುದಿಲ್ಲ, ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇಕಡಾ ಒಂದರಂತೆ ನಿಧಾನಕ್ಕೆ ಇಳಿಯುತ್ತದೆ.

ಬಿಸಿಲು ಕುದುರೆ
ಹಾರ್ಟ್ ಅಟ್ಯಾಕ್ ಆಗುತ್ತೆ ಅಂತಾರಲ್ಲ ಟೆಸ್ಟೊಸ್ಟೆರಾನ್‌ನಿಂದ?

ಪಡುವಣ ಗಾಳಿ
ನಾನೂ ಅದನ್ನೇ ಕೇಳಿದ್ದೆ. 2023ರಲ್ಲಿ ಟ್ರಾವರ್ಸ್ ಅನ್ನುವ ಅಧ್ಯಯನ ಬಂತು, ಐದು ಸಾವಿರದ ಇನ್ನೂರಕ್ಕೂ ಹೆಚ್ಚು ಗಂಡಸರು, ಹೃದಯದ ಕಾಯಿಲೆ ಇದ್ದವರು ಅಥವಾ ಬರುವ ಸಾಧ್ಯತೆ ಹೆಚ್ಚಿದ್ದವರು. ಹೃದಯಾಘಾತ, ಪಾರ್ಶ್ವವಾಯು ಜಾಸ್ತಿಯಾಗಲಿಲ್ಲ. ಆದರೆ ಎದೆಬಡಿತ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿ ತೊಂದರೆ ಸ್ವಲ್ಪ ಹೆಚ್ಚಿತ್ತು. ಮೂಳೆ ಮುರಿತವೂ ಹೆಚ್ಚಿತ್ತು, ಅದು ಯಾರೂ ನಿರೀಕ್ಷಿಸದ್ದು. ಅವರೆಲ್ಲ ನಿಜವಾಗಿಯೂ ಕಡಿಮೆ ಇದ್ದವರು, ನನ್ನ ಹಾಗೆ ಜಿಮ್ ಸರ್ಟಿಫಿಕೇಟ್ ಇದ್ದವರಲ್ಲ.

ಇನ್ನೊಂದು, ಮಕ್ಕಳು ಬೇಕು ಅನ್ನುವ ವಯಸ್ಸಿನ ಹುಡುಗರು ಇದರ ಹತ್ತಿರ ಸುಳಿಯಬೇಡಿ. ಹೊರಗಿನಿಂದ ಬಂದರೆ ದೇಹ ಒಳಗಿನ ಕಾರ್ಖಾನೆ ಮುಚ್ಚುತ್ತದೆ, ವೀರ್ಯಾಣು ಉತ್ಪತ್ತಿ ನಿಲ್ಲಬಹುದು. ನನ್ನ ಚಿಕ್ಕಪ್ಪನ ಮಗ 33ಕ್ಕೆ ಸೊನ್ನೆ ಕೌಂಟ್ ತಂದು ಕೂತಿದ್ದ. ಸರಿಹೋಗಲು ಒಂದು ವರ್ಷ ಹಿಡಿಯಿತು.

ಕೌಂಟರ್ ಹಿಂದಿನವನು
ಇದಕ್ಕೆ ಒಂದು ಸೇರಿಸುತ್ತೇನೆ. ಟೆಸ್ಟೊಸ್ಟೆರಾನ್ ಜೆಲ್ ಹಚ್ಚುವವರು ಕೈ ಸೋಪಿನಲ್ಲಿ ತೊಳೆದು, ಒಣಗಿದ ಮೇಲೆ ತೋಳು ಮುಚ್ಚುವ ಅಂಗಿ ಹಾಕಿ. ಬನಿಯನ್ ಹಾಕಿಕೊಂಡು ಮೊಮ್ಮಗುವನ್ನು ತೋಳಿನ ಮೇಲೆ ಮಲಗಿಸಿಕೊಳ್ಳಬೇಡಿ. ಮಗುವಿನ ಮೈಗೆ ಹತ್ತಿ, ಆ ವಯಸ್ಸಿನಲ್ಲಿ ಬರಬಾರದ ಬದಲಾವಣೆಗಳು ಬಂದ ಪ್ರಕರಣಗಳಿವೆ. 2009ರಲ್ಲೇ ಅಮೆರಿಕದಲ್ಲಿ ಇದಕ್ಕೆ ದೊಡ್ಡ ಎಚ್ಚರಿಕೆ ಹಾಕಿಸಿದರು. ನಾನು ಜೆಲ್ ಕೊಡುವಾಗ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ ಕೇಳುತ್ತಿದ್ದೆ. ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು.

ಸಂಜೆ ಮಲ್ಲಿಗೆ
ನಾಚಿಕೆ ಬಿಟ್ಟು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ. ನನಗೆ 63. ಬಿಸಿ ಗಿಸಿ ಎಲ್ಲ ಯಾವಾಗಲೋ ಮುಗಿಯಿತು. ಆದರೆ ವರ್ಷದಲ್ಲಿ ನಾಲ್ಕು ಸಲ ಉರಿಮೂತ್ರ, ನಾಲ್ಕು ಸಲ ಆಂಟಿಬಯೋಟಿಕ್. ಬಾರ್ಲಿ ನೀರು ಕುಡಿದು ಕುಡಿದು ಸಾಕಾಗಿತ್ತು. ಕೊನೆಗೊಬ್ಬ ಡಾಕ್ಟರಮ್ಮ ಒಳಗೆ ಹಚ್ಚುವ ಎಸ್ಟ್ರಿಯೋಲ್ (ಈಸ್ಟ್ರೊಜೆನ್‌ನ ಇನ್ನೊಂದು ರೂಪ) ಕ್ರೀಮ್ ಕೊಟ್ಟರು. ಮೊದಲು ದಿನಾ, ಆಮೇಲೆ ವಾರಕ್ಕೆ ಎರಡು ದಿನ. ಎಂಟು ತಿಂಗಳಾಯಿತು, ಒಂದು ಸಲವೂ ಬಂದಿಲ್ಲ. ಇದು ಕೂಡ ಬಯೋಐಡೆಂಟಿಕಲ್ಲೇ ಅಂತ ಇವತ್ತು ಇಲ್ಲಿ ಗೊತ್ತಾಯಿತು!

ಓಪಿಡಿ ಸಂಖ್ಯೆ ಏಳು
ಹೌದು ಅಮ್ಮ. ಅದು ಆ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಹೋಗುವುದು ತೀರಾ ಕಡಿಮೆ. 60 ದಾಟಿದವರೂ ಶುರುಮಾಡಬಹುದು. ಹೇಳಿಕೊಳ್ಳಲು ಸಂಕೋಚಪಟ್ಟು ಎಷ್ಟೋ ಜನ ಸುಮ್ನೆ ನರಳುತ್ತಾರೆ.

ಒಗ್ಗರಣೆ ಡಬ್ಬಿ
ಮೂರು ತಿಂಗಳ ಮೇಲೆ ವಾಪಸ್ ಬಂದಿದ್ದೇನೆ. ದುಡ್ಡು ಕಟ್ಟಲಿಲ್ಲ. ಇಲ್ಲೇ ಮೈಸೂರಿನಲ್ಲಿ ಒಬ್ಬರು ಸ್ತ್ರೀರೋಗ ತಜ್ಞರನ್ನು ನೋಡಿದೆ. ಬಿಪಿ ನೋಡಿದರು, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿದರು, ಅಮ್ಮನಿಗೆ ದೊಡ್ಡಮ್ಮನಿಗೆ ಏನೇನು ಕಾಯಿಲೆ ಇತ್ತು ಅಂತ ಇಪ್ಪತ್ತು ನಿಮಿಷ ಕೇಳಿದರು. ಜೆಲ್ಲು, ರಾತ್ರಿಗೆ ಕ್ಯಾಪ್ಸೂಲ್. ಆರನೇ ವಾರಕ್ಕೆ ಎರಡೂವರೆ ಗಂಟೆಯ ಎಚ್ಚರ ನಿಂತಿತು. ಮೊದಲ ತಿಂಗಳು ಎದೆ ಸ್ವಲ್ಪ ಬಿಗಿದ ಹಾಗೆ ನೋವಿತ್ತು, ಈಗಿಲ್ಲ. ಮೂಡು ಪೂರ್ತಿ ಸರಿಹೋಗಿದೆ ಅಂತ ಹೇಳಲ್ಲ, ಅತ್ತೆ ಇನ್ನೂ ನಮ್ಮ ಜೊತೆಗೇ ಇದ್ದಾರೆ.

ಯಜಮಾನರಿಗೆ ಬೆಳಿಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಎರಡು ಸಲ ತೆಗೆಸಿದೆವು. 412, 438. ಅವರಿಗೆ ಅದನ್ನು ಕೇಳಿ ಎಷ್ಟು ಹೆಮ್ಮೆಯೆಂದರೆ ರಿಪೋರ್ಟನ್ನು ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದಾರೆ. ಫ್ಯಾನ್ ಈಗ ಮೂರರಲ್ಲಿದೆ.

ಒಂದು ಪ್ರಶ್ನೆ. ಜೆಲ್ ಹಚ್ಚಿದ ಮೇಲೆ ಎಷ್ಟು ಹೊತ್ತು ಬಿಟ್ಟು ಸ್ನಾನ ಮಾಡಬೇಕು? ಕೇಳಲು ಮರೆತೆ.

ಲೆಸ್ಟರ್ ಅಮ್ಮಣ್ಣಿ
ಒಂದು ಗಂಟೆಯಾದರೂ ಬಿಡಿ. ನಾನು ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆ ಹಚ್ಚುತ್ತೇನೆ, ಒಣಗುವವರೆಗೆ ಕಾಫಿ ಡಿಕಾಕ್ಷನ್ ಇಳಿದಿರುತ್ತೆ.